ಗುಂಡನ್ನು ನುಂಗುವ ಗೋಡೆ

ಎರಡು ವರ್ಷಗಳ ಕೆಳಗೆ ನಮ್ಮ ವಿದ್ಯಾರ್ಥಿಯೊಬ್ಬನು ಹಲಸಿನ ಹಲಗೆಯ ತುಂಡೊಂದನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಪ್ರಯೋಗಶಾಲೆಗೆ ಬಂದನು. ಹಲಗೆಯ ದಪ್ಪ ಒಂದೂವರೆ ಅಂಗುಲ. ಅದರ ಒಂದು ಮುಖದ ನಡುವೆ ಹಳ್ಳವಿತ್ತು. ಹಳ್ಳದ ತುಂಬ ಅಡಕೆಯ ಗಾತ್ರದ ಸೀಸದ ಗಂಟು ಕುಳಿತಿತ್ತು. ಆ ಹುಡುಗನು ಮೂರು ತಿಂಗಳ ಕಾಲ ಈ ಹಲಗೆಯನ್ನು ಹಿತ್ತಿಲಿನ ಕಲ್ಲುಗೋಡೆಗೆ ಒರಗಿಸಿ, ಅದರ ಮೇಲೆ ಕಾಗದದ ಗುರಿಯನ್ನು ಅಂಟಿಸಿ, ಗಾಳಿಬಂದೂಕಿನಿಂದ ಹೊಡೆದು ಅಭ್ಯಾಸ ಮಾಡಿದ್ದನು. ಒಂದು ಭಾನುವಾರ ಹಾರಿಸಿದ ಗುಂಡು ಬಂದ ದಾರಿಯಲ್ಲೇ ಹಿಂದಿರುಗಿ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ತಂಗಿಯ ಕನ್ನಡಕಕ್ಕೆ ಬಡಿಯಿತು. ಗಾಜಿನಲ್ಲಿ ನಕ್ಷತ್ರದಂತಹ ಬಿರುಕು ಮೂಡಿತು, ಕಣ್ಣು ಉಳಿಯಿತು.

"ಸಾರ್, ಮೂರು ತಿಂಗಳು ಬಾರದ ಗುಂಡು ಅವತ್ತೇ ಯಾಕೆ ತಿರುಗಿ ಬಂತು?" ಎಂದು ಆತನು ಕೇಳಿದನು.

ಪರೀಕ್ಷೆಯ ಪ್ರಶ್ನಪತ್ರಿಕೆಗಳಲ್ಲಿ ನಾವು ವರ್ಷವರ್ಷವೂ ಕೇಳುವ ಸಂಘಟ್ಟನೆಯ ಲೆಕ್ಕಗಳಿಗಿಂತ ಇದು ಉತ್ತಮವಾದ ಪ್ರಶ್ನೆ. ಗುರಿಯ ಹಿಂದೆ ನಿಂತು ಗುಂಡನ್ನು ತಡೆಯುವ ಏರ್ಪಾಟಿಗೆ ಈ ಲೇಖನದಲ್ಲಿ ಗುಂಡುತಡೆಯೆಂದು ಕರೆಯೋಣ. ಅದನ್ನು ಹೇಗೆ ಕಟ್ಟಬೇಕೆಂಬ ಶಾಸ್ತ್ರದ ಬಹುಪಾಲು ಈ ಪ್ರಶ್ನೆಯ ಉತ್ತರದಲ್ಲೇ ಅಡಗಿದೆ.

ಮನೆಯೊಳಗಿನ ಗುರಿಯಭ್ಯಾಸ ವಿಚಿತ್ರವಾದ ಸಂಗತಿಯೇನೂ ಅಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಹತ್ತು ಮೀಟರು ಗಾಳಿರೈಫಲ್ ಸ್ಪರ್ಧೆಯನ್ನು ಗೆದ್ದು, ಭಾರತಕ್ಕೆ ಮೊಟ್ಟಮೊದಲ ವೈಯಕ್ತಿಕ ಸ್ವರ್ಣಪದಕವನ್ನು ತಂದ ಅಭಿನವ್ ಬಿಂದ್ರಾ ಅವರಿಗೆ ಮನೆಯಲ್ಲೇ ಅಭ್ಯಾಸದ ಸ್ಥಳವಿತ್ತು. ಆ ಸ್ಪರ್ಧೆಯ ಗುರಿಯ ವ್ಯಾಸ 45.5 ಮಿಲಿಮೀಟರು, ಅದರ ನಡುವಿನ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರು. ಅಷ್ಟು ಚಿಕ್ಕ ಚುಕ್ಕೆಯನ್ನು ಹೊಡೆಯುವ ಕೈ ಪಳಗಬೇಕಾದರೆ ದಿನಂಪ್ರತಿ ಅಭ್ಯಾಸ ಬೇಕು. ಎಲ್ಲ ಊರುಗಳಲ್ಲಿಯೂ ಸಾರ್ವಜನಿಕ ಅಭ್ಯಾಸಸ್ಥಳಗಳಿಲ್ಲ. ಆದುದರಿಂದ ಉದ್ದನೆಯ ಪಡಸಾಲೆಯೋ ಖಾಲಿ ಉಗ್ರಾಣವೋ ಇರುವ ಮನೆಗಳಲ್ಲಿ ಹುಡುಗರು ಹತ್ತು ಮೀಟರು ಅಳೆಯತೊಡಗುತ್ತಾರೆ. ಅಳೆಯುವುದಕ್ಕೆ ಮುಂಚೆ ಕಾಯಿದೆಯನ್ನು ತಿಳಿದುಕೊಳ್ಳಬೇಕು. 2016ರ ಆಯುಧ ನಿಯಮಗಳು ಗಾಳಿಬಂದೂಕುಗಳನ್ನು ಕೊಳವೆಯ ವ್ಯಾಸ 4.5 ಮಿಲಿಮೀಟರು, ಮೂತಿಯಲ್ಲಿನ ಶಕ್ತಿ 20 ಜೂಲು ಎಂಬ ಗಡಿಗಳಿಂದ ವಿಂಗಡಿಸಿವೆ. ಕೊಳ್ಳುವ ಮೊದಲು ಹತ್ತಿರದ ಠಾಣೆಯಲ್ಲಿ ವಿಚಾರಿಸುವುದು ಒಳ್ಳೆಯದು. ಮನೆಯಲ್ಲಿ ಹಿರಿಯರೊಬ್ಬರ ಕಣ್ಗಾವಲು ಇಲ್ಲದೆ ಹುಡುಗರು ಬಂದೂಕನ್ನು ಮುಟ್ಟಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಗುಂಡಿನ ವಿಚಾರಕ್ಕೆ ಬರೋಣ. ಗಾಳಿರೈಫಲಿನ 4.5 ಮಿಲಿಮೀಟರಿನ ಸೀಸದ ಗುಂಡು ಸುಮಾರು ಅರ್ಧ ಗ್ರಾಂ ತೂಗುತ್ತದೆ. ನಡು ಸಣ್ಣದಾದ ಡಮರುಗದ ಆಕಾರ ಅದರದು. ಸ್ಪರ್ಧೆಯ ರೈಫಲಿನಿಂದ ಅದು ಸೆಕೆಂಡಿಗೆ ಸುಮಾರು 175 ಮೀಟರು ವೇಗದಲ್ಲಿ ಹೊರಡುತ್ತದೆ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ದೊರೆಯುವುದಷ್ಟೆ. ಅದು ಇಲ್ಲಿ ಸುಮಾರು 7.7 ಜೂಲು. ಒಂದು ಕಿಲೋಗ್ರಾಮಿನ ತೂಕದ ಕಲ್ಲನ್ನು 78 ಸೆಂಟಿಮೀಟರು ಎತ್ತರದಿಂದ, ಎಂದರೆ ಊಟದ ಮೇಜಿನ ಅಂಚಿನಿಂದ, ಬಿಟ್ಟಾಗ ನೆಲಕ್ಕೆ ತಾಗುವ ಶಕ್ತಿಯೂ ಇಷ್ಟೇ. ಕೇಳುವುದಕ್ಕೆ ಅಲ್ಪವೆನಿಸುವುದು. ಆದರೆ ಕಲ್ಲು ಈ ಶಕ್ತಿಯನ್ನು ಅಂಗೈಯಗಲಕ್ಕೆ ಹಂಚುತ್ತದೆ; ಗುಂಡು ಅದನ್ನು ಕಡಲೆಕಾಳಿಗಿಂತ ಚಿಕ್ಕದಾದ ಜಾಗಕ್ಕೆ ಒತ್ತಿಬಿಡುತ್ತದೆ.

ಮದ್ದಿನ ಬಂದೂಕುಗಳ ಮಾತೇ ಬೇರೆ. ಅತ್ಯಂತ ಸಣ್ಣದೆನ್ನಬಹುದಾದ 0.22 ಅಂಗುಲದ ರೈಫಲಿನ ಗುಂಡು ಸಹ 2.6 ಗ್ರಾಂ ತೂಗಿ ಸೆಕೆಂಡಿಗೆ 330 ಮೀಟರು ವೇಗದಲ್ಲಿ ಹೋಗುತ್ತದೆ. ಅದರ ಶಕ್ತಿ 140 ಜೂಲು, ನಮ್ಮ ಗುಂಡಿನ ಹದಿನೆಂಟು ಪಟ್ಟು; ತಡೆಯಿಲ್ಲದಿದ್ದರೆ ಅದು ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲುದು. ಅದಕ್ಕೆ ಮನೆಯಲ್ಲಿ ತಡೆ ಕಟ್ಟುವ ಯೋಚನೆಯನ್ನೇ ಮಾಡಬಾರದು. ಈ ಲೇಖನದಲ್ಲಿರುವ ಒಂದು ಅಳತೆಯೂ ಅದಕ್ಕೆ ಸಲ್ಲುವುದಿಲ್ಲ.

ಗುಂಡನ್ನು ನಿಲ್ಲಿಸಬೇಕೆಂದೊಡನೆ ಎಲ್ಲರಿಗೂ ಮೊದಲು ತೋರುವುದು ಗಟ್ಟಿಯಾದ ವಸ್ತು: ಕಲ್ಲು, ಕಾಂಕ್ರೀಟು, ಉಕ್ಕು. ಗುಂಡು ಇವುಗಳನ್ನು ತೂರಿಹೋಗಲಾರದೆಂಬುದು ನಿಜ. ಆದರೆ ತೂರಿಹೋಗದಿರುವುದು ಬೇರೆ, ನಿಲ್ಲುವುದು ಬೇರೆ. ಲೆಕ್ಕ ಹಾಕಿ ನೋಡೋಣ. ಉಕ್ಕಿನ ಮೇಲೆ ಬಿದ್ದ ಗುಂಡು ತಾನೇ ಚಪ್ಪಟೆಯಾಗುತ್ತ ನಾಲ್ಕು ಮಿಲಿಮೀಟರಿನೊಳಗೆ ನಿಲ್ಲಬೇಕಾಗುತ್ತದೆ. 7.7 ಜೂಲನ್ನು ಈ ದೂರದಿಂದ ಭಾಗಿಸಿದರೆ ಸರಾಸರಿ ಬಲ 1900 ನ್ಯೂಟನ್ನಿಗೂ ಮೀರುತ್ತದೆ. ಅದು ಸುಮಾರು ಎರಡು ಕ್ವಿಂಟಾಲಿನ ಭಾರ. ಅದೇ ಗುಂಡು ಮೆತ್ತನೆಯ ಪದಾರ್ಥದಲ್ಲಿ ಐದು ಸೆಂಟಿಮೀಟರು ಒಳಹೊಕ್ಕು ನಿಂತರೆ ಬಲ 155 ನ್ಯೂಟನ್ನಿಗೆ ಇಳಿಯುತ್ತದೆ. ಹದಿನಾರು ಕಿಲೋಗ್ರಾಮಿನ ಭಾರವನ್ನು ಹರುಕು ಬಟ್ಟೆಯ ಗಂಟೂ ತಾಳಿಕೊಳ್ಳಬಲ್ಲುದು. ವೇಗವಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದೇ ಲೆಕ್ಕದಿಂದ.

ಎರಡು ಕ್ವಿಂಟಾಲಿನ ಅದುಮಿಗೆ ಸಿಕ್ಕಿದ ಸೀಸಕ್ಕೆ ಏನಾಗುವುದು? ಅದು ಹೂವಿನಂತೆ ಬಿರಿದು, ಅದರ ಚೂರುಗಳು ಉಕ್ಕಿನ ಮೈಗೆ ಹೆಚ್ಚುಕಡಮೆ ಸಮಾಂತರವಾಗಿ ಸುತ್ತಲೂ ಚಿಮ್ಮುತ್ತವೆ. ಕಲ್ಲಿನ ಮೈ ಸಮವಾಗಿಲ್ಲದ ಕಾರಣ ಅಲ್ಲಿ ಚೂರುಗಳ ದಿಕ್ಕನ್ನು ಮುಂದಾಗಿ ಹೇಳುವಂತಿಲ್ಲ. ಜೊತೆಗೆ ಕಲ್ಲಿನ ಚಕ್ಕೆಯೂ ಹಾರುವುದುಂಟು. ಸೀಸದ ಬದಲು ಉಕ್ಕಿನ ಸಣ್ಣ ಗೋಲಿಗಳನ್ನು ಹಾರಿಸಿದರಂತೂ ಅವು ಚಪ್ಪಟೆಯಾಗದೆ ಚೆಂಡಿನಂತೆ ಪುಟಿದು ನೇರವಾಗಿ ಹಿಂದಿರುಗುತ್ತವೆ. ಹಿಂದಿರುಗುವ ಗುಂಡಿನ ವೇಗ ಮೊದಲಿನ ಮೂರನೆಯ ಒಂದಂಶವಾಗಿದ್ದರೂ ಅದು ಗಂಟೆಗೆ 210 ಕಿಲೋಮೀಟರು. ಕಣ್ಣಿಗೆ ಅಷ್ಟು ಸಾಲದೆ?

ಉಕ್ಕನ್ನು ಬಳಸುವ ಜಾಣತನದ ವಿಧಾನವೊಂದಿದೆ. ತಟ್ಟೆಯನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿಡಬೇಕು. ಆಗ ಗುಂಡಿನ ವೇಗದಲ್ಲಿ ತಟ್ಟೆಗೆ ಲಂಬವಾದ ಅಂಶ ಮಾತ್ರ ಬಡಿತಕ್ಕೆ ಒದಗುತ್ತದೆ. ಗುಂಡಿನ ದಾರಿಗೂ ತಟ್ಟೆಗೂ ನಡುವಿನ ಕೋನ 45 ಡಿಗ್ರಿಯಾದರೆ ಬಡಿತದ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. 30 ಡಿಗ್ರಿಯಾದರೆ ಕಾಲುಭಾಗ. ಉಳಿದ ವೇಗದಿಂದ ಗುಂಡು ತಟ್ಟೆಯ ಮೇಲೆ ಜಾರಿ ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ಆದರೆ ತಟ್ಟೆಯ ಮೇಲಂಚು ಹೊಡೆಯುವವನ ಕಡೆಗೆ ಬಾಗಿರಬೇಕು. ಮರೆತು ತಲೆಕೆಳಗಾಗಿಟ್ಟರೆ ಗುಂಡು ಜಾರುವುದು ಮೇಲ್ಛಾವಣಿಗೆ.

ಮೆತ್ತನೆಯ ತಡೆಯ ಪಿತಾಮಹನೆನ್ನಬಹುದಾದವನು ಹದಿನೆಂಟನೆಯ ಶತಮಾನದ ಆಂಗ್ಲ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ಕಣ್ಣಿಗೆ ಕಾಣಿಸದಷ್ಟು ಬೇಗನೆ ಹೋಗುವ ಗುಂಡಿನ ವೇಗವನ್ನು ಅಳೆಯುವ ಉಪಾಯವನ್ನು ಆತನು 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಭಾರವಾದ ಮರದ ದಿಮ್ಮಿಯನ್ನು ಲೋಲಕದಂತೆ ತೂಗಬಿಟ್ಟು ಅದಕ್ಕೆ ಗುಂಡು ಹೊಡೆದನು. ಗುಂಡು ಮರದೊಳಗೆ ನಾಟಿಕೊಂಡಿತು, ದಿಮ್ಮಿ ತೂಗಾಡಿತು, ತೂಗಾಟದ ಅಳತೆಯಿಂದ ಗುಂಡಿನ ಸಂವೇಗ, ಅದರಿಂದ ವೇಗ ತಿಳಿದುಬಂತು. ಈ ರಾಬಿನ್ಸನಿಗೂ ನಮ್ಮ ದಕ್ಷಿಣದೇಶಕ್ಕೂ ಒಂದು ನಂಟಿದೆ. ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಸರಿಪಡಿಸಲು 1750ರಲ್ಲಿ ಇಲ್ಲಿಗೆ ಬಂದ ಆತನು, ಮರುವರ್ಷವೇ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಅವನ ಲೋಲಕವನ್ನು ನಮ್ಮ ಅರ್ಧ ಗ್ರಾಮಿನ ಗುಂಡಿಗೆ ಅನ್ವಯಿಸೋಣ. ಎರಡು ಕಿಲೋಗ್ರಾಮಿನ ದಿಮ್ಮಿಯಲ್ಲಿ ಗುಂಡು ನಾಟಿದರೆ, ಸಂವೇಗವೆಲ್ಲ ಉಳಿಯಬೇಕಾದುದರಿಂದ, ದಿಮ್ಮಿ ಸೆಕೆಂಡಿಗೆ ನಾಲ್ಕೂಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಅಲುಗುತ್ತದೆ. ಅದರ ಚಲನಶಕ್ತಿಯನ್ನು ಎಣಿಸಿದರೆ ಬರುವುದು ಗುಂಡಿನ ಶಕ್ತಿಯ ನಾಲ್ಕು ಸಾವಿರದ ಒಂದು ಪಾಲು ಮಾತ್ರ! ಮಿಕ್ಕುದೆಲ್ಲವೂ ಮರದ ನಾರನ್ನು ಹರಿಯುವುದರಲ್ಲಿ, ಸೀಸವನ್ನು ಜಜ್ಜುವುದರಲ್ಲಿ, ಕಟ್ಟಕಡೆಗೆ ಉಷ್ಣವಾಗಿ ವ್ಯಯವಾಯಿತು. ಅಷ್ಟೂ ಉಷ್ಣ ಗುಂಡಿನಲ್ಲಿಯೇ ಉಳಿದಿದ್ದರೆ ಅದರ ತಾಪ ಸುಮಾರು 120 ಡಿಗ್ರಿ ಸೆಲ್ಸಿಯಸ್ ಏರುತ್ತಿತ್ತು. ಒಳ್ಳೆಯ ಗುಂಡುತಡೆಯ ಕೆಲಸವೂ ಇಷ್ಟೇ. ಸಂವೇಗವನ್ನು ತನ್ನ ದೊಡ್ಡ ಮೈಗೆ ಹಂಚಿಕೊಂಡು, ಶಕ್ತಿಯನ್ನು ಹಿಂದಿರುಗಿಸದೆ ಬಿಸಿಯಾಗಿ ಕಳೆದುಬಿಡಬೇಕು.

ಹಾಗಾದರೆ ರಾಬಿನ್ಸನ ಮರವನ್ನೇ ಬಳಸಿದ ನಮ್ಮ ಹುಡುಗನ ಹಲಗೆ ಏಕೆ ತಪ್ಪಿತು?

ಹಲಗೆಯನ್ನು ಗರಗಸದಿಂದ ಎರಡು ಹೋಳು ಮಾಡಿ ನೋಡಿದೆವು. ಮೊದಲ ಗುಂಡುಗಳು ಮರದಲ್ಲಿ ನಾಟಿದ್ದವು. ಅವುಗಳ ಬೆನ್ನಿಗೆ ಬಂದವು ಅವುಗಳ ಮೇಲೆಯೇ ಚಪ್ಪಟೆಯಾಗಿದ್ದವು. ಪದರದ ಮೇಲೆ ಪದರವಾಗಿ ಸೀಸ ಬೆಳೆದು, ಕೊನೆಕೊನೆಗೆ ಬಂದ ಗುಂಡುಗಳಿಗೆ ಮರದ ಸೋಂಕೇ ಇರಲಿಲ್ಲ. ಅವು ಬಡಿದದ್ದು ಗಟ್ಟಿಯಾದ ಸೀಸದ ಗಂಟಿಗೆ. ಗಂಟಿನ ಹಿಂದೆ ಬಿಲ್ಲಿನಂತೆ ಒತ್ತಿಕೊಂಡು ಸಿಡಿಯುವ ಹಲಸಿನ ನಾರು. ಅದರ ಹಿಂದೆ ಕಲ್ಲಿನ ಗೋಡೆ. ಎಂದರೆ ಮೊದಲ ದಿನದ ತಡೆ ಮರದ್ದು, ತೊಂಬತ್ತನೆಯ ದಿನದ ತಡೆ ಲೋಹದ್ದು. ಎರಡೂ ಒಂದೇ ಹಲಗೆಯಂತೆ ಕಂಡುದರಿಂದ ಹುಡುಗನು ಮೋಸಹೋದನು.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಆತನು ಕೆಟ್ಟ ಗುರಿಕಾರನಾಗಿದ್ದರೆ ಗುಂಡುಗಳು ಹಲಗೆಯ ತುಂಬ ಚದರಿಹೋಗಿ ಅದು ವರ್ಷಗಟ್ಟಲೆ ಬಾಳುತ್ತಿತ್ತು. ಗುರಿ ಪಳಗಿದಂತೆಲ್ಲ ಗುಂಡುಗಳು ಒಂದೇ ಬಿಂದುವಿಗೆ ಬಂದು ಸೇರಿದವು. ತಡೆ ಅಲ್ಲಿಯೇ ಸತ್ತಿತು. ಹೊಡೆಯುವವನು ಜಾಣನಾದಷ್ಟೂ ತಡೆಯ ಆಯುಸ್ಸು ಕಡಮೆ. ಆದುದರಿಂದ ಗುಂಡುತಡೆಯನ್ನು ಮೊದಲನೆಯ ಗುಂಡಿನಿಂದ ಪರೀಕ್ಷಿಸಿ ತೃಪ್ತರಾಗಬಾರದು. ಒಂದೇ ಸ್ಥಳಕ್ಕೆ ಬಿದ್ದ ಐನೂರನೆಯ ಗುಂಡನ್ನು ಅದು ಏನು ಮಾಡುವುದೆಂದು ಕೇಳಬೇಕು.

ಈ ಪ್ರಶ್ನೆಯನ್ನು ಹಿಡಿದುಕೊಂಡು ಇತರ ಪದಾರ್ಥಗಳನ್ನು ನೋಡಿದರೆ ಪ್ರತಿಯೊಂದರ ಗುಣದೋಷವೂ ಹೊರಬೀಳುತ್ತದೆ. ಒತ್ತಾಗಿ ಕಟ್ಟಿದ ಹಳೆಯ ವೃತ್ತಪತ್ರಿಕೆಗಳ ಕಟ್ಟು ಮೊದಲ ನೂರು ಗುಂಡುಗಳನ್ನು ಸುಲಭವಾಗಿ ನುಂಗುತ್ತದೆ. ಆದರೆ ಕಾಗದ ಪುಡಿಯಾಗಿ ನಡುವೆ ಸುರಂಗ ಬೀಳುತ್ತದೆ. ಹೊರಗಿನಿಂದ ಅದು ಕಾಣದು. ಜೇಡಿಮಣ್ಣು ಹಸಿಯಿರುವಾಗ ಅತ್ಯುತ್ತಮ, ಒಣಗಿದ ಮೇಲೆ ಇಟ್ಟಿಗೆ. ಕೇಬಲ್ ಕೊಳವೆಗಳ ಬಾಯಿ ಮುಚ್ಚಲು ಎಲೆಕ್ಟ್ರಿಕ್ ಕೆಲಸದವರು ಬಳಸುವ ಒಣಗದ ಮೆತುಪುಟ್ಟಿ ಜೇಡಿಗಿಂತ ಮೇಲು. ಅದರಲ್ಲಿ ಗುಂಡು ಶಬ್ದವೂ ಇಲ್ಲದಂತೆ ಹೂತುಕೊಳ್ಳುತ್ತದೆ. ಆದರೂ ಕೆಲವು ನೂರು ಗುಂಡುಗಳಿಗೊಮ್ಮೆ ಸೀಸವನ್ನು ಅಗೆದು ತೆಗೆದು ಪುಟ್ಟಿಯನ್ನು ನಾದದಿದ್ದರೆ ಹಲಗೆಯ ಕಥೆಯೇ ಪುನಃ ನಡೆಯುತ್ತದೆ.

ಮರಳಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮರಳಿಗೆ ಹೆಸರು ದೊಡ್ಡದು. ಸೈನ್ಯದವರೂ ಅದನ್ನೇ ಚೀಲಗಳಲ್ಲಿ ತುಂಬಿ ಒಟ್ಟುತ್ತಾರೆ. ಕಣಕಣಗಳು ಪರಸ್ಪರ ಉಜ್ಜಿಕೊಂಡು ಗುಂಡಿನ ಶಕ್ತಿಯನ್ನು ಹೀರಿಬಿಡುತ್ತವೆ, ಕಣಗಳು ಸರಿದಾಡುವುದರಿಂದ ಸೀಸದ ಗಂಟು ಬೆಳೆಯುವುದೂ ಕಡಮೆ. ಜರಡಿಯಾಡಿ ಬೆಣಚುಕಲ್ಲುಗಳನ್ನು ತೆಗೆದ ಮರಳಾದರೆ ಪದಾರ್ಥದಲ್ಲಿ ದೋಷವಿಲ್ಲ, ದೋಷವಿರುವುದು ಚೀಲದಲ್ಲಿ. ಪ್ರತಿಯೊಂದು ಗುಂಡೂ ಗೋಣಿಚೀಲಕ್ಕೆ ಒಂದು ತೂತು ಮಾಡುತ್ತದೆ. ಪ್ರತಿಯೊಂದು ತೂತಿನಿಂದಲೂ ಮರಳು ಸುರಿಯುತ್ತದೆ. ಒಣಮರಳಿನ ರಾಶಿ ಸುಮಾರು 34 ಡಿಗ್ರಿಯ ಇಳಿಜಾರಿನಲ್ಲಿ ಮಾತ್ರ ನಿಲ್ಲಬಲ್ಲುದರಿಂದ ಚೀಲದ ಮುಂಭಾಗದ ಮೇಲ್ಗಡೆ ಬರಿದಾಗುತ್ತ ಬರುತ್ತದೆ. ಗೋಣಿಯ ಬಿಗಿತದಿಂದಾಗಿ ಚೀಲ ಮೊದಲಿನಂತೆ ದುಂಡಗೆ ಕಾಣುತ್ತಿದ್ದರೂ, ನಾವು ಗುರಿಯಿಟ್ಟ ಎತ್ತರದಲ್ಲಿ ಒಳಗೆ ಇರುವುದು ಬರೀ ಗಾಳಿ. ಹೀಗಾಗಿ ಮರಳು ಬೇಕೆನ್ನುವವರು ಅದನ್ನು ಮೇಲೆ ತೆರೆದಿರುವ ಮರದ ಪೆಟ್ಟಿಗೆಯಲ್ಲಿ ತುಂಬಿ, ಮುಂದಿನ ಮುಖಕ್ಕೆ ಬದಲಾಯಿಸಬಹುದಾದ ರಬ್ಬರು ಹಾಳೆಯನ್ನು ಕಟ್ಟಿ, ಪ್ರತಿದಿನವೂ ಮೇಲಿನಿಂದ ಕೈಯಾಡಿಸಿ ನೋಡಬೇಕು. ಮುಚ್ಚಿದ ಕೋಣೆಯಲ್ಲಿ ಮರಳಿನ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲವೆಂಬುದನ್ನೂ ಎಣಿಸಿದರೆ, ಮನೆಯೊಳಗೆ ಮರಳನ್ನು ನಾವು ಶಿಫಾರಸು ಮಾಡೆವು.

ನಮ್ಮ ವಿದ್ಯಾರ್ಥಿ ಕಡೆಗೆ ಕಟ್ಟಿದ್ದು ಇದು. ಮುಕ್ಕಾಲು ಅಂಗುಲ ದಪ್ಪದ ಪ್ಲೈವುಡ್ಡಿನಿಂದ ಮಾಡಿದ, ಮುಂದಿನಿಂದ 45 ಸೆಂಟಿಮೀಟರು ಚೌಕ, 30 ಸೆಂಟಿಮೀಟರು ಆಳದ ಪೆಟ್ಟಿಗೆ. ಬೆನ್ನಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ ತಂದ ಮೂರು ಮಿಲಿಮೀಟರು ದಪ್ಪದ ಉಕ್ಕಿನ ತಗಡು. ಅದರ ಮುಂದೆ ಹಳೆಯ ಟಯರಿನ ರಬ್ಬರು ಚೂರುಗಳನ್ನು ತುಂಬಿದ ನಾಲ್ಕು ಅಂಗುಲದ ಪದರ. ಉಳಿದ ಜಾಗದ ತುಂಬ ಒದ್ದು ಒದ್ದು ಗಿಡಿದ ಹಳೆಯ ಹತ್ತಿಬಟ್ಟೆ. ಬಟ್ಟೆಯಿಂದ ಗುಂಡಿ, ಕೊಕ್ಕೆ, ಜಿಪ್ಪುಗಳನ್ನೆಲ್ಲ ಕತ್ತರಿಸಿ ತೆಗೆಯುವ ಕೆಲಸವನ್ನು ಆತನ ಅಜ್ಜಿ ವಹಿಸಿಕೊಂಡರಂತೆ. ಲೋಹದ ಒಂದು ಕೊಕ್ಕೆಯಿದ್ದರೂ ಅಲ್ಲಿ ಗುಂಡು ಪಕ್ಕಕ್ಕೆ ಹಾರಬಹುದು. ಮುಂದಿನ ಮುಖಕ್ಕೆ ರಟ್ಟು. ಹರಿದಾಗ ಹೊಸ ರಟ್ಟು. ತುಂಬುವ ಬಾಯಿ ಮೇಲ್ಗಡೆ. ಬಟ್ಟೆ ಕುಸಿದಾಗ ಮೇಲಿನಿಂದ ಒತ್ತಿ ತುಂಬಬಹುದು. ನೂರಿನ್ನೂರು ಗುಂಡುಗಳಿಗೊಮ್ಮೆ ನಡುವಿನ ಬಟ್ಟೆಯನ್ನು ಅಂಚಿಗೂ ಅಂಚಿನದನ್ನು ನಡುವಿಗೂ ಬದಲಾಯಿಸಬಹುದು. ಗುರಿಯ ನಡು ನೆಲದಿಂದ 1.4 ಮೀಟರು ಎತ್ತರದಲ್ಲಿರುವಂತೆ, ಸ್ಪರ್ಧೆಯ ಕ್ರಮದಲ್ಲಿಯೇ, ಪೆಟ್ಟಿಗೆಯನ್ನು ಭದ್ರವಾದ ಮೇಜಿನ ಮೇಲೆ ಕೂಡಿಸಿದನು.

ಪೆಟ್ಟಿಗೆ ಮುಗಿದೊಡನೆ ತಡೆ ಮುಗಿಯಿತೆಂದು ಆತನು ತಿಳಿದಿದ್ದನು. ಆದರೆ ಪೆಟ್ಟಿಗೆ ಹಿಡಿಯುವುದು ಗುರಿಯ ಹತ್ತಿರ ಬಂದ ಗುಂಡನ್ನು ಮಾತ್ರ. ಹತ್ತು ಮೀಟರಿನಲ್ಲಿ ಒಂದು ಡಿಗ್ರಿಯ ತಪ್ಪು ಹದಿನೇಳೂವರೆ ಸೆಂಟಿಮೀಟರಾಗುತ್ತದೆ. ಪೆಟ್ಟಿಗೆಯ ಅಂಚು ನಡುವಿನಿಂದ ಇಪ್ಪತ್ತೆರಡೂವರೆ ಸೆಂಟಿಮೀಟರು. ಬಂದೂಕು ಒಂದೂಕಾಲು ಡಿಗ್ರಿಗಿಂತ ಸ್ವಲ್ಪ ಹೆಚ್ಚು ವಾಲಿದರೆ ಗುಂಡು ಹೊರಗೆ. ಬಂದೂಕನ್ನು ಎತ್ತುವಾಗ ಬೆರಳು ತಾಗಿ ಹತ್ತು ಡಿಗ್ರಿ ತಪ್ಪಿದರೆ ಒಂದೂಮುಕ್ಕಾಲು ಮೀಟರು ಆಚೆ. ಗುರಿಕಾರನ ಜಾಣತನ ಪೆಟ್ಟಿಗೆಯನ್ನು ಕೊಲ್ಲುತ್ತದೆ, ಅವನ ಅಜಾಗರೂಕತೆ ಪೆಟ್ಟಿಗೆಯನ್ನು ತಪ್ಪಿಸಿಕೊಂಡು ಹೋಗುತ್ತದೆ.

ಇದಕ್ಕೆ ಉತ್ತರ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹೊಲಿದು ಮಾಡುವ ಆ ದಪ್ಪ ಹೊದಿಕೆಗಳನ್ನು ಪೆಟ್ಟಿಗೆಯ ಹಿಂದೆ, ಇಟ್ಟಿಗೆಯ ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ, ಛಾವಣಿಯಿಂದ ನೆಲದವರೆಗೂ ಗೋಡೆಯ ಉದ್ದಕ್ಕೂ ಇಳಿಬಿಡಬೇಕು. ಇಳಿಬಿಡಬೇಕು, ಬಿಗಿದು ಮೊಳೆ ಹೊಡೆಯಬಾರದು. ಬಿಗಿದ ಬಟ್ಟೆಯಲ್ಲಿ ಗುಂಡು ತಾಗಿದ ಕಡೆಯ ಎಳೆಗಳೇ ಎಲ್ಲ ಭಾರವನ್ನೂ ಹೊತ್ತು ಕತ್ತರಿಸಿಹೋಗುತ್ತವೆ. ತೂಗುವ ಬಟ್ಟೆ ಹಿಂದೆ ಸರಿಯುತ್ತದೆ. ನೂರು ಗ್ರಾಮಿನಷ್ಟು ಬಟ್ಟೆ ಗುಂಡಿನ ಜೊತೆಗೆ ಚಲಿಸಿದರೂ ಅದರ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಮೆಯಾಗುತ್ತದೆ. ಇದು ರಾಬಿನ್ಸನ ಲೋಲಕವೇ, ಬಟ್ಟೆಯ ರೂಪದಲ್ಲಿ. ಕೌದಿ ಗುಂಡನ್ನು ಪೂರ್ತಿಯಾಗಿ ತಾನೇ ನಿಲ್ಲಿಸಬೇಕಾಗಿಲ್ಲ. ಅದನ್ನು ತೂರಿ ಗೋಡೆಗೆ ಬಡಿದು ಮರಳುವ ಗುಂಡಿಗೆ ಮತ್ತೆ ಕೌದಿಯನ್ನು ದಾಟುವಷ್ಟು ಕಸುವು ಉಳಿಯದಿದ್ದರೆ ಸಾಕು.

ಗೋಡೆಯಲ್ಲಿ ಕಿಟಕಿ ಇರಕೂಡದು. ಗುರಿಗೂ ಹೊಡೆಯುವವನಿಗೂ ನಡುವೆ ತೆರೆಯುವ ಬಾಗಿಲಿದ್ದರೆ ಒಳಗಿನಿಂದ ಅಗುಳಿ ಹಾಕಬೇಕು. ತಾರಸಿಯ ಮೇಲೆ ಅಭ್ಯಾಸ ಮಾಡುತ್ತೇವೆನ್ನುವವರಿಗೆ ನಮ್ಮ ಉತ್ತರ ಒಂದೇ: ಬೇಡ. ಗಾಳಿಯ ತಡೆಯಿಲ್ಲದ ಲೋಕದಲ್ಲಿ ಈ ಗುಂಡು ಮೂರು ಕಿಲೋಮೀಟರು ಹೋಗುತ್ತಿತ್ತು. ಗಾಳಿಯ ದೆಸೆಯಿಂದ ಅದು ಕೆಲವು ನೂರು ಮೀಟರಿಗೆ ಇಳಿಯುವುದು ನಿಜ. ಆದರೆ ನಮ್ಮ ಊರುಗಳಲ್ಲಿ ಕೆಲವು ನೂರು ಮೀಟರಿನೊಳಗೆ ಎಷ್ಟು ಮನೆಗಳಿವೆ!

ಕಾಣದ ಅಪಾಯವೊಂದು ಉಳಿದಿದೆ. ದಿನಕ್ಕೆ ಅರವತ್ತು ಗುಂಡಿನಂತೆ ವಾರಕ್ಕೆ ನಾಲ್ಕು ದಿನ ಹೊಡೆದರೆ ತಿಂಗಳಿಗೆ ಹೆಚ್ಚುಕಡಮೆ ಒಂದು ಸಾವಿರ ಗುಂಡು, ಎಂದರೆ ಅರ್ಧ ಕಿಲೋಗ್ರಾಂ ಸೀಸ ಪೆಟ್ಟಿಗೆಯಲ್ಲಿ ಸೇರುತ್ತದೆ. ಸೀಸ ವಿಷ, ಬೆಳೆಯುವ ಮಕ್ಕಳ ಮೆದುಳಿಗೆ ವಿಶೇಷವಾಗಿ ವಿಷ. ಪೆಟ್ಟಿಗೆಯನ್ನು ಬರಿದುಮಾಡುವಾಗ ಮೂಗುಬಾಯಿಗೆ ತಕ್ಕ ಮುಸುಕು ಹಾಕಿಕೊಂಡು, ಬಟ್ಟೆಯನ್ನು ಕೊಡವದೆ, ನೆಲವನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಅಭ್ಯಾಸದ ಕೋಣೆಯಲ್ಲಿ ತಿಂಡಿ ಕಾಫಿ ಬೇಡ. ಗುಂಡುಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದಾಗಿ ತುಂಬುವವರನ್ನು ನಾವು ಕಂಡಿದ್ದೇವೆ. ಅದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಆಯ್ದ ಸೀಸವನ್ನು ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ಗುಜರಿಯವರಿಗೆ ಕೊಡಬಹುದು. ಒಲೆಯ ಮೇಲೆ ಕರಗಿಸುವ ಸಾಹಸ ಸಲ್ಲದು.

ಕಳೆದ ಬೇಸಗೆಯಲ್ಲಿ ಆ ಮನೆಗೆ ಹೋಗಿದ್ದಾಗ ಪೆಟ್ಟಿಗೆಯನ್ನು ತೆರೆಸಿ ನೋಡಿದೆವು. ಬಟ್ಟೆಯ ನಡುವೆ ನಿಂಬೆಯ ಗಾತ್ರದ ಹೊಂಡ ಬಿದ್ದಿತ್ತು; ರಬ್ಬರಿನ ಪದರದವರೆಗೆ ಹೋದ ಗುಂಡುಗಳು ಕೆಲವೇ, ಉಕ್ಕಿನ ತಗಡಿನ ಮೇಲೆ ಒಂದು ಕಲೆಯೂ ಇರಲಿಲ್ಲ. ಬಟ್ಟೆಯನ್ನು ಮೊದಲು ತಿಂಗಳಿಗೊಮ್ಮೆ ತಿರುವುತ್ತಿದ್ದವರು ಈಗ ವಾರಕ್ಕೊಮ್ಮೆ ತಿರುವಬೇಕಾಗಿದೆಯಂತೆ. ಕಾರಣವೇನೆಂದು ಕೇಳಿದೆವು. ಹುಡುಗನು ಸ್ವಲ್ಪ ಸಂಕೋಚದಿಂದ ತಂಗಿಯ ಕಡೆಗೆ ಕೈ ತೋರಿಸಿದನು. ಆಕೆ ತನ್ನ ಕನ್ನಡಕದ ಮೇಲೆ ರಕ್ಷಣೆಯ ದೊಡ್ಡ ಕನ್ನಡಕವನ್ನು ಏರಿಸಿಕೊಂಡು, ಅಣ್ಣನು ಅಗುಳಿ ಹಾಕುವುದನ್ನೇ ಕಾಯುತ್ತಿದ್ದಳು.